ಕಡಲು ಕಾಣದ ಊರಿಗೆ ಕಡಲ ಗಾಳಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಜನ ಆಷಾಢದ ಗಾಳಿಯನ್ನು ಚೆನ್ನಾಗಿ ಬಲ್ಲರು. ಅದು ವಾರಗಟ್ಟಲೆ ಪಡುವಣದಿಂದ ಬೀಸುತ್ತದೆ, ಹೊಲದ ಮಣ್ಣನ್ನು ಎಬ್ಬಿಸುತ್ತದೆ, ತಲೆಯ ಮೇಲೆ ಮೋಡಗಳನ್ನು ಅಟ್ಟಿಕೊಂಡು ಹೋಗುತ್ತದೆ. ಮಳೆಯನ್ನು ಮಾತ್ರ ಜಿಪುಣನ ಕೈಯಿಂದ ಹನಿಸುತ್ತದೆ. ಅದೇ ದಿನಗಳಲ್ಲಿ, ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿಯೇ, ಘಟ್ಟದ ಜನ ಬಿಸಿಲಿನ ಮುಖ ಕಾಣದೆ ಕುಳಿತಿರುತ್ತಾರೆ. ಆಗುಂಬೆಯ ವರ್ಷದ ಮಳೆ 7000 ಮಿಲಿಮೀಟರನ್ನು ಮೀರಿದರೆ ನಮ್ಮದು 600ರ ಹತ್ತಿರ. ಒಂದೇ ಗಾಳಿಗೆ ಈ ಎರಡು ಬಗೆಯ ನಡತೆ ಹೇಗೆ ಬಂದಿತು?

ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಇಂಥ ಪ್ರಶ್ನೆ ಶಬ್ದದ ದಾರಿಯಿಂದಲೇ ಎದುರಾಗುವುದು. ‘ಮುಂಗಾರು’ ಎಂಬಲ್ಲಿಯ ‘ಕಾರ್’ ಎಂದರೆ ಮಳೆಗಾಲ, ಕರಿಯ ಮೋಡ. ‘ಮಾನ್ಸೂನ್’ ಎಂಬುದರ ಮೂಲವಾದರೋ ಅರಬ್ಬೀ ಭಾಷೆಯ ‘ಮೌಸಿಮ್’. ಅದರ ಅರ್ಥ ಋತು. ನಮ್ಮ ಒಕ್ಕಲಿಗ ಮೋಡವನ್ನು ನೋಡಿದ. ಅರಬ್ಬೀ ನಾವಿಕ ಹಾಯಿಗೆ ಅನುಕೂಲವಾಗುವ ಗಾಳಿಯ ಕಾಲವನ್ನು ನೋಡಿದ. ನಮ್ಮ ಮಳೆಯ ಕಥೆ ಅರ್ಥವಾಗಬೇಕಾದರೆ ಆ ನಾವಿಕನ ಜೊತೆಯಲ್ಲಿ ಕಡಲಿಗೆ ಹೋಗಬೇಕು.

ಗಾಳಿಯ ಮೂಲ ಸೂರ್ಯ. ಭೂಮಧ್ಯರೇಖೆಯ ಬಳಿ ಅವನ ಕಿರಣ ನೇರವಾಗಿ ಬೀಳುವುದರಿಂದ ಅಲ್ಲಿಯ ಗಾಳಿ ಕಾದು, ಹಗುರವಾಗಿ, ಮೇಲೇರುತ್ತದೆ. ಮೇಲೇರಿದ್ದು ಉತ್ತರಕ್ಕೂ ದಕ್ಷಿಣಕ್ಕೂ ಸರಿದು, ಸುಮಾರು 30 ಡಿಗ್ರಿ ಅಕ್ಷಾಂಶಗಳಲ್ಲಿ ಕೆಳಗಿಳಿದು, ನೆಲಕ್ಕೆ ಹತ್ತಿ ಮತ್ತೆ ಭೂಮಧ್ಯರೇಖೆಯ ಕಡೆಗೆ ಹರಿಯುತ್ತದೆ. ಭೂಮಿ ಸುಮ್ಮನೆ ನಿಂತಿದ್ದರೆ ಈ ಹರಿವು ನೇರವಾಗಿರುತ್ತಿತ್ತು. ಭೂಮಿ ತಿರುಗುವುದರಿಂದ ಉತ್ತರಾರ್ಧದಲ್ಲಿ ಗಾಳಿ ತನ್ನ ಬಲಕ್ಕೂ ದಕ್ಷಿಣಾರ್ಧದಲ್ಲಿ ಎಡಕ್ಕೂ ಬಾಗುತ್ತದೆ. ಹೀಗೆ ಹುಟ್ಟಿದವೇ ವಾಣಿಜ್ಯ ಮಾರುತಗಳು. ಈ ಬಾಗುವಿಕೆಗೆ ಭೂಮಿಯ ತಿರುಗಾಟವೇ ಕಾರಣವೆಂದು 1735ರಲ್ಲಿ ಇಂಗ್ಲೆಂಡಿನ ಜಾರ್ಜ್ ಹ್ಯಾಡ್ಲಿ ವಿವರಿಸಿದ.

ಬೇಸಗೆಯಲ್ಲಿ ನಮ್ಮ ಉಪಖಂಡದ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ಆಗ ದಕ್ಷಿಣಾರ್ಧದ ಆಗ್ನೇಯ ಮಾರುತ ಭೂಮಧ್ಯರೇಖೆಯನ್ನು ದಾಟಿ, ಬಲಕ್ಕೆ ಹೊರಳಿ, ನೈರುತ್ಯ ಮಾರುತವಾಗಿ ನಮ್ಮತ್ತ ಬರುತ್ತದೆ. ಆಫ್ರಿಕದ ಪೂರ್ವ ತೀರದ ಪಕ್ಕದಲ್ಲಿ ಅದು ರಭಸದ ಪ್ರವಾಹವಾಗುವುದನ್ನು 1969ರಲ್ಲಿ ಫಿಂಡ್ಲೇಟರ್ ಎಂಬ ವಿಜ್ಞಾನಿ ಗುರುತಿಸಿದ.

ಗಾಳಿ ಕಡಲಿನಿಂದ ಪಡೆಯುತ್ತದೆ, ಕಡಲನ್ನು ಬದಲಿಸುತ್ತದೆ ಕೂಡ. ನೀರನ್ನು ಆವಿಯಾಗಿ ಹೊತ್ತುಕೊಳ್ಳುವ ಈ ಮಾರುತವೇ ಸೋಮಾಲಿಯಾದ ದಂಡೆಯಿಂದ ಮೇಲಿನ ನೀರನ್ನು ಆಚೆಗೆ ತಳ್ಳುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣನೆಯ ನೀರು ಎದ್ದು ಬರುತ್ತದೆ. ಚಳಿಗಾಲದಲ್ಲಿ ಗಾಳಿ ದಿಕ್ಕು ಬದಲಿಸಿದಾಗ ಅಲ್ಲಿಯ ಕಡಲ ಪ್ರವಾಹವೂ ಹಿಂದಿರುಗಿ ಹರಿಯುತ್ತದೆ.

ಇಷ್ಟೆಲ್ಲ ನೀರು ಹೊತ್ತು ಬಂದ ಗಾಳಿಗೆ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಬೆಟ್ಟವೇರುವ ಗಾಳಿ ತಣ್ಣಗಾಗಿ ಅದರೊಳಗಿನ ಆವಿ ಮಳೆಯಾಗಿ ಸುರಿಯುತ್ತದೆ. ಘಟ್ಟ ದಾಟಿ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗುತ್ತದೆ. ಬೆಚ್ಚಗಿನ ಗಾಳಿ ತೇವವನ್ನು ಬಿಟ್ಟುಕೊಡುವುದಿಲ್ಲ. ನಾವಿರುವುದು ಈ ಮಳೆಯ ಮರೆಯಲ್ಲಿ. ಘಟ್ಟದಲ್ಲಿ ಬಿದ್ದದ್ದರಲ್ಲಿ ಒಂದಿಷ್ಟು ತುಂಗಭದ್ರೆಯಾಗಿ ಹರಪನಹಳ್ಳಿ, ಹಡಗಲಿಗಳ ಅಂಚಿನಲ್ಲಿ ಹರಿಯುತ್ತದೆ. ಒಣಗಾಳಿಯೂ ಈಗ ಗುಡ್ಡಗಳ ಮೇಲೆ ವಿದ್ಯುತ್ತಿನ ಯಂತ್ರಗಳನ್ನು ತಿರುಗಿಸುತ್ತಿದೆ. ಆದರೂ ಕೂಡ್ಲಿಗಿಯ ಶೇಂಗಾ ಬೆಳೆಯುವವನು ಹೆಚ್ಚಾಗಿ ನಂಬಿರುವುದು ಉತ್ತರೆ, ಹಸ್ತೆಗಳ ಮಳೆಯನ್ನೇ. ಆ ಹೊತ್ತಿಗೆ ಬಂಗಾಳ ಕೊಲ್ಲಿಯ ಕಡೆಯಿಂದಲೂ ತೇವ ಬರತೊಡಗುತ್ತದೆ.

ಕೆಲವು ವರ್ಷ ಅದೂ ತಪ್ಪುತ್ತದೆ. ಏಕೆ? 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾದ ಗಣಿತಜ್ಞ ಗಿಲ್ಬರ್ಟ್ ವಾಕರ್ ಈ ಪ್ರಶ್ನೆಯ ಬೆನ್ನು ಹತ್ತಿದ. ಶಾಂತಸಾಗರದ ಮೇಲೆ ವಾಯುವಿನ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬ ತೂಗಾಟವನ್ನು ಅವನು ಕಂಡುಕೊಂಡ. ಶಾಂತಸಾಗರದ ವಾಣಿಜ್ಯ ಮಾರುತ ಬೆಚ್ಚನೆಯ ನೀರನ್ನು ಪಡುವಣಕ್ಕೆ ಒತ್ತಿ ಹಿಡಿದಿರುತ್ತದೆ. ಗಾಳಿ ಸಡಿಲವಾದರೆ ಆ ನೀರು ಮೂಡಣಕ್ಕೆ, ಪೆರುವಿನತ್ತ, ಜಾರುತ್ತದೆ. ಅದರೊಡನೆ ಗಾಳಿ ಮೇಲೇರುವ ತಾಣವೂ ಸರಿಯುತ್ತದೆ. ಇದೇ ಎಲ್ ನಿನೋ. ಅಂಥ ಹಲವು ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುತ್ತದೆ. ಇದು ಕಟ್ಟುನಿಟ್ಟಾದ ನಿಯಮವಲ್ಲ. 1997ರಲ್ಲಿ ಎಲ್ ನಿನೋ ಪ್ರಬಲವಾಗಿದ್ದರೂ ದೇಶದ ಮುಂಗಾರು ಕೈಕೊಡಲಿಲ್ಲ. ಆಗ ಹಿಂದೂ ಮಹಾಸಾಗರದ ಪಡುವಣ ಭಾಗ ಕಾದಿದ್ದುದು ನೆರವಾಯಿತೆಂದು ವಿಜ್ಞಾನಿಗಳ ಅಭಿಪ್ರಾಯ. 2023ರಲ್ಲಿಯಾದರೋ ಎಲ್ ನಿನೋ ಬಂದಿತು, ಆಗಸ್ಟ್ ತಿಂಗಳು ಬರಿದಾಗಿ ಕಳೆಯಿತು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.

ಮಳೆ ಹೋದಾಗ ನಮ್ಮ ಹಿರಿಯರು ‘ಊರಲ್ಲಿ ಪಾಪ ಹೆಚ್ಚಿತು’ ಎನ್ನುತ್ತಿದ್ದರು. ಮೈಲಾರದ ಜಾತ್ರೆಯಲ್ಲಿ ಬಿಲ್ಲನ್ನೇರಿ ಗೊರವಯ್ಯ ನುಡಿಯುವ ಕಾರಣಿಕದಲ್ಲಿ ಸಾವಿರಾರು ರೈತರು ಇಂದಿಗೂ ಮಳೆಬೆಳೆಯ ಸೂಚನೆಯನ್ನು ಅರಸುತ್ತಾರೆ. ಆ ಒಂದು ನುಡಿಗಾಗಿ ಉಸಿರು ಬಿಗಿಹಿಡಿದು ನಿಂತವರನ್ನು ನಗುವುದು ನನಗೆ ಸರಿಕಾಣದು. ಬೀಜ ಬಿತ್ತುವ ಮುನ್ನ ಮುಂದಿನದನ್ನು ತಿಳಿಯಬೇಕೆಂಬ ಹಂಬಲ ಅವರದೂ ಹೌದು, ವಾಕರನದೂ ಹೌದು. ಆದರೆ ಪಾಪದ ಮಾತನ್ನು ಇನ್ನು ಬಿಡಬಹುದು. ಪೆರುವಿನ ದಂಡೆಯ ನೀರು ಕಾದದ್ದಕ್ಕೆ ಹರಪನಹಳ್ಳಿಯ ವಿಧವೆಯೋ ಕೊಟ್ಟೂರಿನ ಕೂಲಿಯವನೋ ಕಾರಣರಲ್ಲ.

ಹಾಗೆಂದು ಎಲ್ಲವನ್ನೂ ಕಡಲಿನ ಮೇಲೆ ಹೊರಿಸುವಂತೆಯೂ ಇಲ್ಲ. 1876ರಿಂದ 1878ರ ವರೆಗಿನ ಧಾತು ಈಶ್ವರ ಬರ ಆಗಿನ ಬಳ್ಳಾರಿ ಜಿಲ್ಲೆಯನ್ನು ನುಂಗಿತು. ಆ ಬರದ ನಡುವೆ ಶಾಂತಸಾಗರದಲ್ಲಿ ಎಲ್ ನಿನೋ ಅತಿ ಪ್ರಬಲವಾಗಿ ತಲೆಯೆತ್ತಿದ್ದುದು ನಿಜ. ಆದರೆ ಜನ ಹಸಿದು ಸಾಯುತ್ತಿದ್ದ ಅದೇ ಕಾಲದಲ್ಲಿ ದೇಶದ ಧಾನ್ಯ ಹಡಗನ್ನೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಮಳೆ ತಪ್ಪಿಸಿದ್ದು ಗಾಳಿ. ಅನ್ನ ತಪ್ಪಿಸಿದ್ದರಲ್ಲಿ ಮನುಷ್ಯರ ಪಾಲೂ ಇತ್ತು.

ಗಾಳಿಯನ್ನು ತಿರುಗಿಸುವ ಶಕ್ತಿ ನಮಗಿಲ್ಲ. ಕಡಲು ಕಾಯುತ್ತಿರುವ ಸುದ್ದಿ ಮಾತ್ರ ಇಂದು ತಿಂಗಳುಗಳ ಮೊದಲೇ ತಿಳಿಯುತ್ತದೆ. ಆ ಸುದ್ದಿ ರೈತನ ಬಿತ್ತನೆಗೆ ಮುನ್ನ ಅವನ ಮಾತಿನಲ್ಲಿಯೇ ಅವನಿಗೆ ತಲುಪಬೇಕು. ಕೆರೆಯ ಹೂಳು ಮಳೆಗೆ ಮುನ್ನ ಹೊರಬೀಳಬೇಕು. ಬಂದ ನಾಲ್ಕು ಹನಿಗೆ ಊರಿನಲ್ಲಿ ನಿಲ್ಲಲು ಜಾಗವಿರಬೇಕು. ಇಷ್ಟು ನಮ್ಮ ಕೈಯೊಳಗಿನ ಕೆಲಸ.