ಹೊಗೆಯ ಬಣ್ಣ ಏನು ಹೇಳುತ್ತದೆ?

ಮಕ್ಕಳೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಯಾವ ಸಂತೆಗೆ ಹೋದರೂ ಹಳೆಯ ವಾಹನಗಳು ಕಣ್ಣಿಗೆ ಬೀಳುತ್ತವೆ. ಕಡಲೆಕಾಯಿ ಮೂಟೆ ಹೊತ್ತ ಟ್ರ್ಯಾಕ್ಟರ್, ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್, ಲಗೇಜ್ ಆಟೋ. ಇವು ಬಿಡುವ ಹೊಗೆಯನ್ನು ಗಮನಿಸಿದ್ದೀರಾ? ಒಂದರದು ಕಪ್ಪು, ಇನ್ನೊಂದರದು ನೀಲಿ, ಮತ್ತೊಂದರದು ಬಿಳಿ. ವೈದ್ಯರು ನಾಲಿಗೆ ನೋಡಿ ಕಾಯಿಲೆ ಊಹಿಸುವಂತೆ, ಮೆಕ್ಯಾನಿಕ್ ಹೊಗೆಯ ಬಣ್ಣ ನೋಡಿ ಎಂಜಿನ್ನಿನ ದೋಷವನ್ನು ಊಹಿಸುತ್ತಾರೆ. ಅದು ಹೇಗೆಂದು ನೋಡೋಣ.

ಹೊಗೆ ಏಕೆ ಬರುತ್ತದೆ?

ಪೆಟ್ರೋಲ್, ಡೀಸೆಲ್ ಎರಡರಲ್ಲೂ ಮುಖ್ಯವಾಗಿ ಇರುವುದು ಇಂಗಾಲ ಮತ್ತು ಜಲಜನಕ. ಸಾಕಷ್ಟು ಆಮ್ಲಜನಕ ಸಿಕ್ಕಿ ಇವು ಪೂರ್ತಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಉಂಟಾಗುತ್ತವೆ. 1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಕೆ.ಜಿ. ಗಾಳಿ ಬೇಕು! ಗಾಳಿ ಕಡಿಮೆಯಾದರೆ ಮಸಿಯೂ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಉಂಟಾಗುತ್ತವೆ.

ಸೌದೆ ಒಲೆಯನ್ನು ನೆನಪಿಸಿಕೊಳ್ಳಿ. ಒಲೆ ಹೊಗೆಯಾಡಿದರೆ ಅಜ್ಜಿ ಊದುಕೊಳವೆಯಿಂದ ಊದುತ್ತಾರೆ. ಗಾಳಿ ಸಿಕ್ಕಿದೊಡನೆ ಉರಿ ಏಳುತ್ತದೆ, ಹೊಗೆ ಇಳಿಯುತ್ತದೆ. ಎಂಜಿನ್ನಿನ ಲೆಕ್ಕವೂ ಅದೇ.

ಮೂರು ಬಣ್ಣ, ಮೂರು ಸುಳಿವು

ಕಪ್ಪು ಹೊಗೆ: ಇಂಧನ ಹೆಚ್ಚು, ಗಾಳಿ ಕಡಿಮೆ ಎಂದರ್ಥ. ಗಾಳಿಯನ್ನು ಸೋಸುವ ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿರಬಹುದು. ನಮ್ಮದು ಮಳೆ ಕಡಿಮೆ, ಧೂಳು ಹೆಚ್ಚು ಇರುವ ಬಯಲುಸೀಮೆ. ಮಣ್ಣಿನ ರಸ್ತೆಯಲ್ಲಿ ಓಡಾಡುವ ವಾಹನದ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ಸುತ್ತಲಿನ ರಿಂಗುಗಳು ಸವೆದರೆ ಆಯಿಲ್ ಮೇಲಕ್ಕೆ ನುಸುಳುತ್ತದೆ. ಹಳೆಯ ಟೂ-ಸ್ಟ್ರೋಕ್ ಮೊಪೆಡ್ಡುಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ. ಅಳತೆ ಮೀರಿ ಬೆರೆಸಿದರೆ ನೀಲಿ ಹೊಗೆ ದಟ್ಟವಾಗುತ್ತದೆ.

ಬಿಳಿ ಹೊಗೆ: ಚಳಿಗಾಲದ ಬೆಳಗ್ಗೆ ಕಾಣುವ ಬಿಳಿ ಹೊಗೆ ಹೆಚ್ಚಾಗಿ ತಣಿದ ನೀರಾವಿ. ಕೆಲವು ನಿಮಿಷಗಳಲ್ಲಿ ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ರೇಡಿಯೇಟರಿನ ನೀರು ಎಂಜಿನ್ ಒಳಗೆ ಸೋರುತ್ತಿರಬಹುದು, ಅಥವಾ ಡೀಸೆಲ್ ಉರಿಯದೆ ಹಾಗೆಯೇ ಹೊರಬರುತ್ತಿರಬಹುದು.

ಊಹೆಯಿಂದ ಪರೀಕ್ಷೆಗೆ

ಬಣ್ಣ ಸುಳಿವು ಮಾತ್ರ, ತೀರ್ಪಲ್ಲ. ಕಪ್ಪು ಹೊಗೆ ಕಂಡೊಡನೆ ಒಳ್ಳೆಯ ಮೆಕ್ಯಾನಿಕ್ ಎಂಜಿನ್ ಬಿಚ್ಚುವುದಿಲ್ಲ. ಸುಲಭವಾದ, ಖರ್ಚು ಕಡಿಮೆಯಾದ ಕೆಲಸದಿಂದ ಆರಂಭಿಸುತ್ತಾರೆ. ಮೊದಲು ಏರ್ ಫಿಲ್ಟರ್ ಸ್ವಚ್ಛಗೊಳಿಸುತ್ತಾರೆ. ನಂತರ ಪೆಟ್ರೋಲ್ ವಾಹನವಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡುತ್ತಾರೆ. ತುದಿ ತಿಳಿ ಕಂದು ಬಣ್ಣವಿದ್ದರೆ ಸರಿಯಾಗಿದೆ. ಒಣ ಮಸಿಯಿದ್ದರೆ ಇಂಧನ ಹೆಚ್ಚಾಗಿದೆ. ಎಣ್ಣೆ ಜಿಡ್ಡಿದ್ದರೆ ಆಯಿಲ್ ನುಗ್ಗಿದೆ. ಆಮೇಲೆ ಕಾರ್ಬುರೇಟರ್ ಸರಿಪಡಿಸುತ್ತಾರೆ. ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡುತ್ತಾರೆ. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತು ಎಂದು ತಿಳಿಯುವುದು ಹೇಗೆ? ವಿಜ್ಞಾನಿಗಳು ಪ್ರಯೋಗ ಮಾಡುವಾಗ ಪಾಲಿಸುವ ನಿಯಮವೂ ಇದೇ.

ಕಾಣದ ವಿಷ

ಹೊಗೆಗೆ ಬಣ್ಣವೇ ಇಲ್ಲದಿದ್ದರೆ ವಾಹನ ಸರಿಯಾಗಿದೆ ಎನ್ನಬಹುದೇ? ಇಲ್ಲ. ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಗ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ, ಪ್ರಾಣವೇ ಹೋಗಬಹುದು. ಆದ್ದರಿಂದ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಲೇಬಾರದು. ಮನೆಯವರಿಗೂ ಇದನ್ನು ಹೇಳಿ.

ಈ ಅನಿಲವನ್ನು ಅಳೆಯಲು ಯಂತ್ರವೇ ಬೇಕು. ಅದಕ್ಕಾಗಿಯೇ ಎಮಿಷನ್ ಟೆಸ್ಟ್ ಇರುವುದು. 2000ಕ್ಕೂ ಮೊದಲು ತಯಾರಾದ ಪೆಟ್ರೋಲ್ ದ್ವಿಚಕ್ರ ವಾಹನದ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇ. 4.5ನ್ನು ಮೀರಬಾರದು. ನಂತರದ ವಾಹನಗಳಿಗೆ ಮಿತಿ ಇನ್ನೂ ಬಿಗಿ. ಡೀಸೆಲ್ ಹೊಗೆಯನ್ನು ಪರೀಕ್ಷಿಸುವ ಯಂತ್ರ ಹೊಗೆಯೊಳಗೆ ಬೆಳಕು ಹಾಯಿಸಿ, ಎಷ್ಟು ಬೆಳಕು ದಾಟಿತೆಂದು ಅಳೆಯುತ್ತದೆ.

ಹೊಗೆಯನ್ನು ತೊಳೆಯುವ ಜೇನುತಟ್ಟಿ

ಈಗಿನ ಕಾರುಗಳ ಹೊಗೆ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಜೇನುತಟ್ಟಿಯಂತಹ ಅದರ ರಂಧ್ರಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುವಾದ ಲೇಪನವಿದೆ. ಈ ಲೋಹಗಳು ತಾವು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುತ್ತವೆ. ವಿಷದ ಮಾನಾಕ್ಸೈಡ್ ಇಲ್ಲಿ ಡೈಆಕ್ಸೈಡ್ ಆಗುತ್ತದೆ. ಸೀಸ ಅಂಟಿದರೆ ಈ ಲೇಪನ ಕೆಡುತ್ತದೆ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲ್ 2000ದಲ್ಲಿ ನಿಂತದ್ದು ಇದಕ್ಕೂ ಅನುಕೂಲವಾಯಿತು. ಎಂಜಿನ್ ಕೆಟ್ಟು, ಉರಿಯದ ಪೆಟ್ರೋಲ್ ಇದರೊಳಗೆ ಬಂದರೆ ಅಲ್ಲಿಯೇ ಉರಿದು ಜೇನುತಟ್ಟಿ ಕರಗಲೂಬಹುದು. ಆದ್ದರಿಂದ ಮೊದಲು ಎಂಜಿನ್ ಸರಿಯಿರಬೇಕು. ಹಲವು ಹಳೆಯ ವಾಹನಗಳಲ್ಲಿ ಕನ್ವರ್ಟರ್ ಇಲ್ಲ. ಅವುಗಳಿಗೆ ಏರ್ ಫಿಲ್ಟರ್, ಪ್ಲಗ್, ಆಯಿಲ್‌ಗಳ ಆರೈಕೆಯೇ ರಕ್ಷೆ.

ಮಾಡಿ ನೋಡಿ

ಶಿಕ್ಷಕರ ಎದುರಿನಲ್ಲಿ ಮೇಣದಬತ್ತಿ ಹಚ್ಚಿ. ಸ್ಟೀಲ್ ಚಮಚವನ್ನು ಇಕ್ಕಳದಿಂದ ಹಿಡಿದು ಹಳದಿ ಜ್ವಾಲೆಯ ನಡುವೆ ಸ್ವಲ್ಪ ಹೊತ್ತು ಇಡಿ. ಇನ್ನೊಂದು ಚಮಚವನ್ನು ಜ್ವಾಲೆಯ ತುದಿಯಿಂದ ಒಂದು ಗೇಣು ಮೇಲೆ ಹಿಡಿಯಿರಿ. ಯಾವುದಕ್ಕೆ ಹೆಚ್ಚು ಮಸಿ ಹಿಡಿಯಿತು? ಏಕೆ? ಗುಂಪಿನಲ್ಲಿ ಚರ್ಚಿಸಿ, ಉತ್ತರವನ್ನು ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬರೆಯಿರಿ.