ಸಮಾಧಿಯಿಲ್ಲದ ಯೋಧರ ಧ್ವಜ

ಮೈಸೂರು ಸೀಮೆಯಲ್ಲಿ ಕಾಳಗದಲ್ಲಿ ಮಡಿದವರ ನೆನಪು ಬಹುಕಾಲದಿಂದ ಕಲ್ಲಿನಲ್ಲಿ ಉಳಿದು ಬಂದಿದೆ. ದೇಹವನ್ನು ದಹಿಸಿ ಬೂದಿಯನ್ನು ಹೊಳೆಗೆ ಬಿಡುವ ಸಮುದಾಯಗಳಿಗೆ ಸಮಾಧಿಯೆಂಬ ಗುರುತು ಇರಲಿಲ್ಲವಾದ್ದರಿಂದ ಊರಿನವರು ವೀರಗಲ್ಲು ನಿಲ್ಲಿಸಿದರು. ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವನ್ನೂ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದನ್ನೂ, ಮೇಲೆ ಅವನು ಶಿವಸಾನ್ನಿಧ್ಯದಲ್ಲಿ ಕುಳಿತಿರುವುದನ್ನೂ ಕಂಡರಿಸುವುದು ಸಾಮಾನ್ಯ ಕ್ರಮವಾಗಿತ್ತು. ಇದಕ್ಕಿಂತಲೂ ಗಮನಾರ್ಹವಾದದ್ದು ನೆತ್ತರುಗೊಡಗೆ, ಅಂದರೆ ಊರಿಗಾಗಿ ನೆತ್ತರು ಚೆಲ್ಲಿದವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ. ಮಡಿದವನಿಗೆ ಸಲ್ಲುವ ಗೌರವವೂ ಅವನನ್ನು ನಂಬಿದ್ದವರ ಅನ್ನವೂ ಒಂದೇ ಋಣದ ಎರಡು ಭಾಗಗಳೆಂದು ಈ ನಾಡು ತಿಳಿದಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ಅಮೆರಿಕದಲ್ಲಿ ಬೆಳೆದದ್ದು ಬೇರೆ ಪದ್ಧತಿ. ಅಲ್ಲಿನ ಅಂತರ್ಯುದ್ಧದಲ್ಲಿ ಮಡಿದವರ ಗೋರಿಗಳಿಗೆ ಹೂವಿಡಬೇಕೆಂದು ಜನರಲ್ ಜಾನ್ ಲೋಗನ್ 1868ರಲ್ಲಿ ಕರೆ ಕೊಟ್ಟ ಮೇಲೆ ಅದು ವಾರ್ಷಿಕ ಆಚರಣೆಯಾಗಿ, ಮುಂದೆ ಸ್ವಯಂಸೇವಕರು ಗೋರಿಗಳ ಮುಂದೆ ಪುಟ್ಟ ಬಾವುಟ ನೆಡುವ ರೂಢಿಯೂ ಅದರೊಡನೆ ಸೇರಿಕೊಂಡಿತು.

ಮೈಸೂರಿನ ಯೋಧರ ಹೆಸರುಗಳು ಕಡಲಾಚೆಯ ಕಲ್ಲುಗಳಿಗೆ ಏರಿದ್ದು ಮೊದಲನೆಯ ಮಹಾಯುದ್ಧದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಂಸ್ಥಾನವು ಸಾಮ್ರಾಜ್ಯದ ನೆರವಿಗೆಂದು ಸಜ್ಜಾಗಿಟ್ಟಿದ್ದ ಅಶ್ವದಳ ಮೈಸೂರು ಲ್ಯಾನ್ಸರ್ಸ್, ಅಂದರೆ ಭರ್ಜಿ ಹಿಡಿದ ಸವಾರರ ಪಡೆ, 1914ರಲ್ಲಿ ಈಜಿಪ್ಟಿಗೆ ತೆರಳಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಹೈಫಾ ಪಟ್ಟಣದತ್ತ ನುಗ್ಗಿದಾಗ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಏರಿ ಅಲ್ಲಿನ ಫಿರಂಗಿಗಳನ್ನು ವಶಪಡಿಸಿಕೊಂಡರು. ಮೆಷಿನ್ ಗನ್ನುಗಳ ಎದುರು ಕುದುರೆಯೇರಿ ಗೆದ್ದ ಈ ಕಾಳಗದಲ್ಲಿ ಸುಮಾರು 1,350 ಶತ್ರು ಸೈನಿಕರು ಸೆರೆಸಿಕ್ಕರು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂವರು ಕಂಚಿನ ಯೋಧರಲ್ಲಿ ಒಬ್ಬನು ಮೈಸೂರನ್ನೂ, ಉಳಿದಿಬ್ಬರು ಜೋಧಪುರ, ಹೈದರಾಬಾದುಗಳನ್ನೂ ಪ್ರತಿನಿಧಿಸುತ್ತಾರೆ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾವೂ ಸೇರಿತು.

ಮಡಿದವರ ಸ್ಮಾರಕಗಳನ್ನು ನೋಡಿಕೊಳ್ಳಲು 1917ರಲ್ಲಿ ಹುಟ್ಟಿದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗ, ಈಗಿನ ಕಾಮನ್‌ವೆಲ್ತ್ ಆಯೋಗ, ದರ್ಜೆ, ಜನಾಂಗ, ಧರ್ಮಗಳ ಭೇದವಿಲ್ಲದೆ ಪ್ರತಿಯೊಬ್ಬರ ಹೆಸರನ್ನೂ ಉಳಿಸುವ ಧ್ಯೇಯವನ್ನು ಘೋಷಿಸಿತ್ತು. ಆದರೆ ಆಫ್ರಿಕ, ಏಷ್ಯಗಳ ಅಸಂಖ್ಯ ಯೋಧರಿಗೆ ಆ ಸಮಾನತೆ ದೊರೆಯಲಿಲ್ಲವೆಂದು ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಶತಮಾನ ಕಳೆದ ಮೇಲೆ ಬಂದ ಈ ಒಪ್ಪಿಗೆ ತಡವಾದುದೇ ಹೌದು. ಆದರೂ ಹೆಸರು ಹುಡುಕುವ ಕೆಲಸಕ್ಕೆ ಅದು ದಾರಿ ತೆರೆದಿದೆ.

ಸ್ವತಂತ್ರ ಭಾರತದಲ್ಲಿ ಧ್ವಜವು ಯೋಧನ ನೆನಪಿನೊಡನೆ ಕೂಡಿದ್ದು ಬೇರೊಂದು ಬಗೆಯಲ್ಲಿ. 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಅಧೀನದ ಸಮಿತಿಯೊಂದು ಪ್ರತಿವರ್ಷ ಡಿಸೆಂಬರ್ 7ನ್ನು ಧ್ವಜ ದಿನವನ್ನಾಗಿ ಆಚರಿಸಲು ತೀರ್ಮಾನಿಸಿತು. ಭೂಸೇನೆ, ನೌಕಾಪಡೆ, ವಾಯುಪಡೆಗಳನ್ನು ಸೂಚಿಸುವ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಕಿರುಧ್ವಜವನ್ನು ಸ್ವಯಂಸೇವಕರು ಜನರಿಗೆ ಹಂಚಿ ದೇಣಿಗೆ ಪಡೆಯುತ್ತಾರೆ; ಹಣವು ಹುತಾತ್ಮರ ಪತ್ನಿಯರಿಗೆ, ಅಂಗವಿಕಲರಾದ ಯೋಧರಿಗೆ, ಮಾಜಿ ಸೈನಿಕರ ಮಕ್ಕಳ ಓದಿಗೆ ಸಲ್ಲುತ್ತದೆ. ಕರ್ನಾಟಕದಲ್ಲಿ ಇದರ ಹೊಣೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಗೋರಿಯ ಮುಂದಿನ ಮಣ್ಣಿನಲ್ಲಿ ನಿಲ್ಲಬೇಕಾದ ಬಾವುಟ ಇಲ್ಲಿ ಬದುಕಿರುವವರ ಎದೆಯ ಮೇಲೆ ನಿಲ್ಲುತ್ತದೆ, ಮತ್ತು ನೆತ್ತರುಗೊಡಗೆಯ ಹಿಂದಿದ್ದ ವಿವೇಕವು ಹೊಸ ಆಡಳಿತ ರೂಪದಲ್ಲಿ ಮುಂದುವರಿಯುತ್ತದೆ.

ಮೈಸೂರು ಲ್ಯಾನ್ಸರ್ಸ್ ಎಂಬ ಪಡೆ ಈಗ ಪ್ರತ್ಯೇಕವಾಗಿ ಉಳಿದಿಲ್ಲ. ಸಂಸ್ಥಾನಗಳ ಅಶ್ವದಳಗಳನ್ನು ಒಗ್ಗೂಡಿಸಿ 1953ರಲ್ಲಿ ಕಟ್ಟಿದ, ಬಳಿಕ 61ನೇ ಕ್ಯಾವಲ್ರಿ ಎಂದು ಹೆಸರಾದ ರೆಜಿಮೆಂಟಿನಲ್ಲಿ ಅದು ಸೇರಿಹೋಯಿತು. ಆ ರೆಜಿಮೆಂಟು ಸೆಪ್ಟೆಂಬರ್ 23ನ್ನು ಹೈಫಾ ದಿನವೆಂದು ಇಂದಿಗೂ ಆಚರಿಸುತ್ತದೆ. ಬಹುಪಾಲು ದಸರೆಯ ಸಿದ್ಧತೆಯ ನಡುವೆಯೇ ಬರುವ ಈ ದಿನಕ್ಕೆ ಮೈಸೂರು ನಗರದ ಪಂಚಾಂಗದಲ್ಲೂ ಒಂದು ಜಾಗ ಸಲ್ಲಬೇಕಾಗಿದೆ.