ವಾಯಿದೆ ತಪ್ಪಿದರೆ ಕೇಸು ಮುಗಿಯಿತೇ?

"ಕೇಸು ಹೋತು ಬಿಡಪಾ," ಅಂದ ಮಾವ ಫೋನಿನಲ್ಲಿ. ಕಾರ್ಖಾನೆಯೊಂದು ಕೆಲಸದಿಂದ ತೆಗೆದುಹಾಕಿದ ಮೇಲೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿದ್ದ. ವರ್ಷಗಟ್ಟಲೆ ವಾಯಿದೆಗೆ ಅಲೆದು, ಕೊನೆಗೆ ಹರಪನಹಳ್ಳಿ ಕಡೆಯ ಎಷ್ಟೋ ಜನರ ಹಾಗೆ ಹೆಂಡತಿ ಜೊತೆ ಬೆಂಗಳೂರಿಗೆ ಗುಳೆ ಹೋದ. ನೋಟಿಸು ಬಂದಾಗ ಊರಿನ ಮನೆಗೆ ಬೀಗ. ಅರ್ಜಿಯಲ್ಲಿದ್ದ ವಿಳಾಸ ಇನ್ನೂ 'ದಾವಣಗೆರೆ ಜಿಲ್ಲೆ'. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಸೇರಿದೆ. ಊರು ಮಾತ್ರ ಇದ್ದಲ್ಲೇ ಇದೆ, ಮಾವ ಇರಲಿಲ್ಲ. ಎಕ್ಸ್‌ಪಾರ್ಟಿ, ಅಂದರೆ ಏಕಪಕ್ಷೀಯ ಐತೀರ್ಪು ಅವನ ವಿರುದ್ಧ ಬಂತು. ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯಲ್ಲಿ ಇಂಥವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಇಲ್ಲೆಲ್ಲೂ ಕಾರ್ಮಿಕ ನ್ಯಾಯಾಲಯ ಇಲ್ಲ. ಒಂದು ವಾಯಿದೆ ಅಂದರೆ ಬಸ್ ಚಾರ್ಜು, ಜೊತೆಗೆ ಒಂದು ದಿನದ ಕೂಲಿ.

ಹಾಗಾದರೆ ಕೇಸು ನಿಜಕ್ಕೂ ಹೋಯಿತಾ? ಇಲ್ಲ. ಇದನ್ನು ಮೊದಲು ಖಚಿತ ಮಾಡಿದ್ದು ಗ್ರಿಂಡ್ಲೇಸ್ ಬ್ಯಾಂಕ್ ಪ್ರಕರಣ. ಅಲ್ಲಿ ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿಯ ತಂದೆ ತೀರಿಕೊಂಡಿದ್ದರು. ವಿಚಾರಣೆಯ ದಿನವೇ ಶ್ರಾದ್ಧ. ಮುಂದೂಡಿ ಎಂದು ಕೇಳಿದರೂ ಒಪ್ಪದೆ ನ್ಯಾಯಮಂಡಳಿ ಏಕಪಕ್ಷೀಯವಾಗಿ ತೀರ್ಮಾನಿಸಿತು, ಆಮೇಲೆ ತಾನೇ ಅದನ್ನು ರದ್ದು ಮಾಡಿತು. ಕೊಟ್ಟ ತೀರ್ಪನ್ನು ಹಿಂಪಡೆಯಬಹುದೆಂದು ಕಾಯ್ದೆಯಲ್ಲಿ ಎಲ್ಲಿದೆ ಎಂದು ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು. 1980ರ ಡಿಸೆಂಬರಿನಲ್ಲಿ ಬಂದ ಉತ್ತರ: ಬರೆದಿರಬೇಕಿಲ್ಲ. ತೀರ್ಪು ಸರಿಯೋ ತಪ್ಪೋ ಎಂದು ಮತ್ತೆ ತೂಗುವುದು ಬೇರೆ, ವಿಚಾರಣೆಯ ಕ್ರಮದಲ್ಲಾದ ಲೋಪ ಸರಿಪಡಿಸುವುದು ಬೇರೆ. ಎರಡನೆಯ ಅಧಿಕಾರ ನ್ಯಾಯಮಂಡಳಿಗೆ ಇದ್ದೇ ಇರುತ್ತದೆ. ಎಂಜಿನಿಯರಿಂಗ್ ಓದಿದವನ ಭಾಷೆಯಲ್ಲಿ ಹೇಳೋದಾದ್ರೆ, ಉತ್ತರ ತಪ್ಪು ಅಂತಲ್ಲ, ಇನ್‌ಪುಟ್ಟೇ ಪೂರ್ತಿ ಹೋಗಿಲ್ಲ ಅಂತ.

ಆದರೆ ಒಂದು ಕೊಕ್ಕೆ ಉಳಿಯಿತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 17ಎ ಪ್ರಕಾರ ಐತೀರ್ಪು ಪ್ರಕಟವಾಗಿ 30 ದಿನಕ್ಕೆ ಜಾರಿಯಾಗುತ್ತದೆ. ಆಮೇಲೆ ನ್ಯಾಯಾಲಯಕ್ಕೆ ಅದನ್ನು ಮುಟ್ಟುವ ಅಧಿಕಾರವಿಲ್ಲ ಎಂದು 2004ರ ಸಂಘಂ ಟೇಪ್ ತೀರ್ಪು ಹೇಳಿತ್ತು. ಮಾವನ ವಕೀಲರು ಕೈಚೆಲ್ಲಿದ್ದು ಇದೇ ಲೆಕ್ಕದಲ್ಲಿ. 2018ರ ಮೇನಲ್ಲಿ ಹರಿಯಾಣ ಸೂರಜ್ ಮಾಲ್ಟಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ಗೊಂದಲ ಬಗೆಹರಿಸಿದೆ: 30 ದಿನ ದಾಟಿದ ಮೇಲೂ ಏಕಪಕ್ಷೀಯ ಐತೀರ್ಪನ್ನು ರದ್ದು ಮಾಡುವ ಅರ್ಜಿ ಕೇಳಬಹುದು. ತಮಾಷೆ ಅಂದ್ರೆ, 1980ರ ತೀರ್ಪು ಯೂನಿಯನ್ ಗೆದ್ದದ್ದು, ಇದು ಮಾಲೀಕರು ಗೆದ್ದದ್ದು. ಹಾಗಾಗಿ ಕಾರ್ಖಾನೆಯವರು ಬರಲಿಲ್ಲ, ನಾವು ಗೆದ್ದೆವು ಎಂದು ಹಿಗ್ಗುವ ಕಾರ್ಮಿಕರೂ ಸ್ವಲ್ಪ ತಡೆಯಬೇಕು.

ಬಾಗಿಲು ತೆರೆದಿದೆ ಅಂದರೆ ಸುಮ್ಮನೆ ನುಗ್ಗಬಹುದು ಅಂತಲ್ಲ. ಬರಲಾಗದ್ದಕ್ಕೆ ಸಾಕಷ್ಟು ಕಾರಣ ಬೇಕು. "ಗೊತ್ತಿರಲಿಲ್ರೀ" ಅಂದರೆ ಸಾಲದು. ತೀರ್ಪಿನ ವಿಷಯ ಯಾವತ್ತು, ಯಾರಿಂದ ತಿಳಿಯಿತು, ಆಮೇಲೆ ಏನು ಮಾಡಿದಿರಿ ಎಂದು ಅಫಿಡವಿಟ್ಟಿನಲ್ಲಿ ತಾರೀಕು ಸಮೇತ ಹೇಳಬೇಕು. ನಾವು ಹುಡುಕಿದ್ದು ಮೂರು: ಬಟವಾಡೆಯಾಗದೆ ವಾಪಸಾದ ನೋಟಿಸಿನ ಲಕೋಟೆ (ಅದು ಕೋರ್ಟಿನ ಕಡತದಲ್ಲೇ ಇತ್ತು, ಯಾರೂ ತೆಗೆದು ನೋಡಿರಲಿಲ್ಲ!), ಬೆಂಗಳೂರಿನ ಮೇಸ್ತ್ರಿಯ ಹಾಜರಿ ಪುಸ್ತಕ, ಶೆಡ್ಡಿನ ಬಾಡಿಗೆ ಚೀಟಿ. ಜೊತೆಗೆ ಹೊಸ ವಿಳಾಸದ ಮೆಮೋ. ಇದನ್ನು ಮೊದಲೇ ಕೊಟ್ಟಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಅರ್ಜಿ ವಜಾ ಆದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಹಾಕಬಹುದು.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಮಾವನದು ಹಳೇ ಕಾಯ್ದೆಯ ಕೇಸು. ಆದರೆ ಒಬ್ಬರ ಮಾತು ಕೇಳದೆ ಅವರ ವಿರುದ್ಧ ತೀರ್ಪು ಕೊಡಬಾರದೆಂಬ ತತ್ವ ಯಾವ ಕಾಯ್ದೆಗೂ ಕಟ್ಟುಬಿದ್ದದ್ದಲ್ಲ.

ಅರ್ಜಿ ಹಾಕಿದ್ದಾಗಿದೆ. ಮುಂದಿನ ವಾಯಿದೆಗೆ ಕಾರ್ಖಾನೆಯವರು ತಕರಾರು ಸಲ್ಲಿಸಬೇಕು. ಹಿಂದಿನ ರಾತ್ರಿಯೇ ಬಸ್ ಹತ್ತುತ್ತೇನೆ ಎಂದಿದ್ದಾನೆ ಮಾವ. ಮೇಸ್ತ್ರಿ ಎರಡು ದಿನದ ಪಗಾರ ಹಿಡೀತಾನಂತೆ.